ಹಲ್ಲುನೋವಿನ ವಾಯಿದೆ

ಪುಟ್ಟರುದ್ರಪ್ಪನವರು ನಮ್ಮ ತಾಲ್ಲೂಕು ಕೋರ್ಟಿನಲ್ಲಿ ಇಪ್ಪತ್ತು ವರ್ಷ ವಕೀಲರಾಗಿದ್ದರು. ಆಮೇಲೆ ಶಾಸಕರಾದರು, ಈಗ ಕಾನೂನು ಮಂತ್ರಿ. ಕೋರ್ಟಿನ ಹೊಸ ಕಟ್ಟಡ ಉದ್ಘಾಟಿಸಲು ಬಂದವರು ವೇದಿಕೆಯ ಮೇಲೆ ಕೋಡುಬಳೆ ಕಡಿಯುತ್ತಲೇ ಗುಡುಗಿದರು.

"ಇಲ್ಲಿ ಹದಿನೆಂಟು ವರ್ಷದಿಂದ ಕೊಳೀತಿರೋ ಕೇಸಿದೆಯಂತೆ. ಅದನ್ನ ಎಳೆದ ವಕೀಲ ಯಾರು? ಹೆಸರು ಈಗಲೇ ಬೇಕು. ಇಲ್ಲದಿದ್ರೆ ಗುಮಾಸ್ತನ್ನ ಮನೆಗೆ ಕಳಿಸ್ತೀನಿ."

ಮೂಲೆಯಲ್ಲಿದ್ದ ಗುಮಾಸ್ತನಿಗೆ ಬೆವರೊಡೆಯಿತು. ಆ ಕಡತ ಅವನಿಗೆ ಬಾಯಿಪಾಠ. ಹೆಸರು ಹೇಳಿದರೂ ಕೆಲಸ ಹೋಗುತ್ತದೆ, ಹೇಳದಿದ್ದರೂ ಹೋಗುತ್ತದೆ. ಮೈಕಿನ ಮುಂದೆ ಬಂದು ಕೈಮುಗಿದ.

"ಹೆಸರು ನನ್ನ ಬಾಯಲ್ಲಿ ಬೇಡ ಸ್ವಾಮಿ, ಗುರುತು ಹೇಳ್ತೀನಿ. ಆ ವಕೀಲರು ಪ್ರತಿ ಸಲವೂ ಒಂದೇ ಕಾರಣ ಬರೆದು ವಾಯಿದೆ ತಗೊಂಡಿದ್ದಾರೆ. ಹಲ್ಲುನೋವು, ಕೀಳಿಸಬೇಕು ಅಂತ. ಒಟ್ಟು ಮೂವತ್ತೆಂಟು ಸಲ."

ಮಂತ್ರಿಗಳು ಮೇಜು ಗುದ್ದಿದರು. "ಮನುಷ್ಯನಿಗಿರೋದೇ ಮೂವತ್ತೆರಡು ಹಲ್ಲು. ಯಾರಯ್ಯ ಆ ಬೊಚ್ಚುಬಾಯಿ ವಕೀಲ?"

"ಬೊಚ್ಚುಬಾಯಿ ಅಂತಲೇ ನಾನೂ ಅಂದುಕೊಂಡಿದ್ದೆ ಸ್ವಾಮಿ. ಆದ್ರೆ ದೇವರ ದಯೆ, ಇವತ್ತು ಕಣ್ಣಾರೆ ಕಂಡೆ. ಕೋಡುಬಳೆಯನ್ನ ಕಟಕಟ ಅಂತ ಕಡೀತಿದಾರೆ."

ಮಂತ್ರಿಗಳ ದವಡೆ ಅಲ್ಲೇ ನಿಂತಿತು. ಮುಂದಿನ ಸಾಲಿನ ವಕೀಲರೆಲ್ಲ ಕರಿಕೋಟಿನ ತೋಳಿನಿಂದ ಬಾಯಿ ಮುಚ್ಚಿಕೊಂಡರು. ಹೆಸರನ್ನು ಮತ್ತೆ ಯಾರೂ ಕೇಳಲಿಲ್ಲ. ಮಂತ್ರಿಗಳ ಕೈ ಮೆಲ್ಲಗೆ ಕೆನ್ನೆಗೆ ಹೋಯಿತು. ಆಪ್ತ ಕಾರ್ಯದರ್ಶಿ ಮೈಕಿಗೆ ಬಂದು, "ಸಾಹೇಬರಿಗೆ ಹಲ್ಲುನೋವು, ಭಾಷಣ ಇನ್ನೊಂದು ದಿನ," ಎಂದ.

ಗುಮಾಸ್ತ ಒಳಗೆ ಹೋಗಿ, ಅಭ್ಯಾಸಬಲದಿಂದ ಆ ಹಳೇ ಕಡತ ತೆಗೆದು ಬರೆದ: ಮೂವತ್ತೊಂಬತ್ತು.