ಪಿಕಳಾರದ ಬಾಲದಡಿಯ ಕೆಂಪು

ಲೋಕ ಇನ್ನೂ ಹಸಿಯಾಗಿದ್ದ ಕಾಲ. ಬೆಟ್ಟಗಳು ಎಲ್ಲಿ ನಿಲ್ಲಬೇಕೆಂದು ಯೋಚಿಸುತ್ತಿದ್ದವು. ಹಳ್ಳವು ಮಾತನಾಡುತ್ತಿತ್ತು, ಗಾಳಿಯು ಉತ್ತರ ಕೊಡುತ್ತಿತ್ತು. ಆಗ ಪಿಕಳಾರದ ತಲೆ ಕಪ್ಪಾಗಿತ್ತು, ಮೈ ಕಂದಾಗಿತ್ತು, ಬಾಲದ ಅಡಿ ಮಾತ್ರ ಹತ್ತಿಯಂತೆ ಬಿಳುಪಾಗಿತ್ತು.

ಹಕ್ಕಿಗಳಲ್ಲಿ ಜಗಳ ಹೆಚ್ಚಾಯಿತು. ನ್ಯಾಯ ಹೇಳಲು ಒಬ್ಬರು ಬೇಕೆಂದು ಎಲ್ಲರೂ ಸೇರಿ ನಿಶ್ಚಯಿಸಿದರು. ಪಿಕಳಾರದ ಜುಟ್ಟು ರುಮಾಲಿನಂತೆ ಕಾಣುತ್ತಿದ್ದುದರಿಂದ ಅವನನ್ನೇ ಆರಿಸಿದರು. ಹಳ್ಳದ ದಡದ ಅತ್ತಿಮರದ ಕೆಳಗೆ ಒಂದು ಚಪ್ಪಟೆ ಕಲ್ಲಿತ್ತು. ಅದು ನ್ಯಾಯದ ಕಲ್ಲಾಯಿತು.

ಆ ಕಲ್ಲಿಗೊಂದು ಕಟ್ಟಳೆ ಇತ್ತು. ಸೂರ್ಯ ಹುಟ್ಟಿದಾಗ ಕೂತವನು ಸೂರ್ಯ ಮುಳುಗುವವರೆಗೆ ಏಳಬಾರದು. ಎದ್ದರೆ ಕಲ್ಲು, ಅದರ ಮೇಲೆ ಕಣ್ಣಿಟ್ಟಿದ್ದ ಕಾಗೆಗೆ ಹೋಗುತ್ತದೆ. ನ್ಯಾಯಕ್ಕೆ ಬಂದವರು ಬಿಸಿಲಿಗೆ ಒಣಗಿ ಗರಿಗರಿಯಾದ ಜೋಳ ತರುತ್ತಿದ್ದರು. ಒಬ್ಬರದು ತಿಂದು ಇನ್ನೊಬ್ಬರದು ಬಿಟ್ಟರೆ ಪಕ್ಷಪಾತವಾಗುತ್ತದೆ. ಆದ್ದರಿಂದ ಪಿಕಳಾರ ಇಬ್ಬರದನ್ನೂ ಸಮನಾಗಿ ತಿನ್ನುತ್ತಿದ್ದ.

"ಪಿಕಳಾರಪ್ಪ, ಎರಡು ಗುಟುಕು ನೀರು ಕುಡಿದು ಹೋಗು" ಎಂದು ಹಳ್ಳ ಕರೆಯಿತು.

"ಹಳ್ಳಕ್ಕ, ನ್ಯಾಯ ನಡೆಯುತ್ತಿದೆ. ಆಮೇಲೆ ಬರುತ್ತೇನೆ."

"ನನ್ನ ಹಣ್ಣು ನಿನ್ನ ಪಕ್ಕದಲ್ಲೇ ಬಿದ್ದಿದೆಯಲ್ಲ, ತಿನ್ನು" ಎಂದಿತು ಅತ್ತಿಮರ.

"ಕಲ್ಲಿನ ಮೇಲೆ ಕೂತವನು ಬಿದ್ದ ಹಣ್ಣನ್ನು ಆಯಬಾರದು. ಆಮೇಲೆ ನೋಡೋಣ."

ಬೆಳಗಿನ ಹೊತ್ತು ಬಯಲ ಕಡೆಗೆ ಹೋಗೋಣ ಎಂದು ಅವನ ಹೊಟ್ಟೆಯೂ ಕರೆಯುತ್ತಿತ್ತು. ಅದಕ್ಕೂ ಅವನು, "ಆಮೇಲೆ ಬಾ" ಎಂದು ಹೇಳಿ ಕಳುಹಿಸುತ್ತಿದ್ದ. ಹೊಟ್ಟೆ ಒಂದು ದಿನ ಬಂತು, ಎರಡು ದಿನ ಬಂತು. ಕೇಳುವವರಿಲ್ಲದ ದೂರುದಾರನಂತೆ ಆಮೇಲೆ ಬರುವುದನ್ನೇ ಬಿಟ್ಟಿತು.

ಸಂಜೆ ಪಿಕಳಾರ ಬಂಡೆಯ ಮರೆಗೆ ಹೋಗುತ್ತಿದ್ದ. ಅಲ್ಲಿಯೂ ಕೂತೇ ಇರುತ್ತಿದ್ದ. ಕೂತು ಆ ದಿನದ ನ್ಯಾಯಗಳನ್ನು ನೆನೆಯುತ್ತಿದ್ದ. ತಿಣುಕುತ್ತಿದ್ದ, ಜುಟ್ಟು ನಡುಗುವವರೆಗೂ ತಿಣುಕುತ್ತಿದ್ದ.

"ರೀ, ಅಲ್ಲಿಯೂ ಕಟ್ಟೆ ಪಂಚಾಯಿತಿಯೇ? ಕತ್ತಲಾಗುತ್ತಿದೆ, ಬನ್ನಿ" ಎಂದು ಹೆಂಡತಿ ಕೂಗುತ್ತಿದ್ದಳು.

"ಬಂದೆ, ಬಂದೆ" ಎನ್ನುತ್ತಿದ್ದ. ಬರುತ್ತಿರಲಿಲ್ಲ.

ಹೀಗಿರಲು ಒಂದು ಸಂಜೆ ಅವನ ಬಿಳಿಯ ಗರಿಯ ಮೇಲೆ ಒಂದು ಹನಿ ರಕ್ತ ಕಂಡಿತು. ಅವನು ಹೆದರಿ ಹಳ್ಳಕ್ಕೆ ಇಳಿದು ತೊಳೆದುಕೊಂಡ.

"ಹಳ್ಳಕ್ಕ, ಯಾರಿಗೂ ಹೇಳಬೇಡ."

"ನಾನು ಹೇಳುವುದಿಲ್ಲಪ್ಪ. ನೀನು ನಿನ್ನ ಹೆಂಡತಿಗಾದರೂ ಹೇಳು."

"ರೆಕ್ಕೆ ನೋವು ಎಂದರೆ ಹೇಳಬಹುದು. ಕಾಲು ನೋವು ಎಂದರೆ ಹೇಳಬಹುದು. ಇದನ್ನು ಯಾವ ಬಾಯಿಂದ ಹೇಳಲಿ? ಗೊತ್ತಾದರೆ ಕಲ್ಲಿನ ಮೇಲೆ ಕೂರಿಸುತ್ತಾರೆಯೇ?"

ಪಿಕಳಾರ ದಿನವೂ ತೊಳೆದುಕೊಂಡ, ದಿನವೂ ಕಲ್ಲಿನ ಮೇಲೆ ಕೂತ.

ಒಂದು ದಿನ ಮರಕುಟುಕ ಮತ್ತು ಗೊರವಂಕ ನ್ಯಾಯಕ್ಕೆ ಬಂದರು. ಮರಕುಟುಕ ಕೊರೆದ ಪೊಟರೆಯಲ್ಲಿ ಗೊರವಂಕ ಮೊಟ್ಟೆ ಇಟ್ಟಿದ್ದಳು. ಪೊಟರೆ ಯಾರದು ಎಂಬುದು ಪ್ರಶ್ನೆ. ಇಬ್ಬರೂ ಜೋಳ ತಂದಿದ್ದರು. ಪಿಕಳಾರ ತಿಂದ. ಬಿಸಿಲು ಏರಿತು, ಕಲ್ಲು ಕಾದಿತು. ಅವನು ಆ ಕಡೆ ವಾಲಿದ, ಈ ಕಡೆ ವಾಲಿದ.

"ಏನಪ್ಪಾ ದೊಡ್ಡ ಮನುಷ್ಯ, ಕಲ್ಲಿಗೇನು ಮುಳ್ಳು ಮೊಳೆತಿದೆಯೇ?" ಎಂದಿತು ಕಾಗೆ. ಎಲ್ಲರೂ ನಕ್ಕರು.

ಗೊರವಂಕ ಹೇಳುತ್ತಲೇ ಇದ್ದಳು. ನೋವಿನ ನಡುವೆ ಪಿಕಳಾರನಿಗೆ ಒಂದು ಮಾತೂ ಕೇಳಿಸಲಿಲ್ಲ. ಮುಗಿದರೆ ಸಾಕು ಎಂದುಕೊಂಡು ಅವನು ನುಡಿದ: "ಕೊರೆದವನದೇ ಪೊಟರೆ. ಸಂಜೆಯೊಳಗೆ ಮೊಟ್ಟೆಗಳನ್ನು ಹೊರಗೆ ಹಾಕತಕ್ಕದ್ದು."

ಗೊರವಂಕ ಮೆಲ್ಲಗೆ ಕೇಳಿದಳು: "ಅಪ್ಪಾ, ಮಳೆಗಾಲದ ತನಕ ಇರು ಎಂದು ಮರಕುಟುಕನೇ ಹೇಳಿದ್ದನಲ್ಲ. ಗಾಳಿಯೂ ಸಾಕ್ಷಿ ನುಡಿಯಿತಲ್ಲ. ನಿಮಗೆ ಕೇಳಿಸಲಿಲ್ಲವೇ?"

ಪಿಕಳಾರ ಸೂರ್ಯನನ್ನು ನೋಡಿದ. ಸೂರ್ಯ ಇನ್ನೂ ನೆತ್ತಿಯ ಮೇಲಿದ್ದ. ಸುಮ್ಮನೆ ಕೂತರೆ ಕಲ್ಲು ಉಳಿಯುತ್ತದೆ, ಮೊಟ್ಟೆ ಉಳಿಯುವುದಿಲ್ಲ. ಅವನು ಎದ್ದು ನಿಂತ.

"ಕೇಳಿಸಲಿಲ್ಲವಮ್ಮ. ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ನನಗೆ ಕೂರಲಾಗುತ್ತಿಲ್ಲ" ಎಂದು ಹಿಂದೆ ತಿರುಗಿದ.

ಎಲ್ಲರೂ ಕಂಡರು. ಬಾಲದ ಅಡಿಯ ಬಿಳಿ ಗರಿಗಳು ಕೆಂಪಾಗಿದ್ದವು.

ಕಾಗೆ ನಗಲು ಬಾಯಿ ತೆರೆಯಿತು. ಅಷ್ಟರಲ್ಲಿ ಗೊರವಂಕ ಹೇಳಿದಳು: "ನಗಬೇಡ, ಕಾಗಣ್ಣ. ಹೋದ ಸಲ ಮೊಟ್ಟೆ ಇಟ್ಟಾಗ ನನಗೂ ಹೀಗೆಯೇ ಆಗಿತ್ತು. ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ."

"ನನಗೂ" ಎಂದಿತು ಒಂದು ಮುದಿ ಪಾರಿವಾಳ. ಮರದ ಹಿಂದಿನಿಂದ ಇನ್ನೂ ಒಂದು ದನಿ, "ನನಗೂ" ಎಂದಿತು. ಅದು ಯಾರದೆಂದು ಯಾರೂ ಕೇಳಲಿಲ್ಲ.

ಮರಕುಟುಕ ತಲೆ ಬಗ್ಗಿಸಿ, "ಮೊಟ್ಟೆ ಅಲ್ಲೇ ಇರಲಿ. ನಾನು ಬೇರೆ ಪೊಟರೆ ಕೊರೆಯುತ್ತೇನೆ" ಎಂದ.

ಹೆಂಡತಿ ಬಂದು ಪಿಕಳಾರನ ಪಕ್ಕದಲ್ಲಿ ನಿಂತಳು. "ದಿನವೂ ಹಳ್ಳಕ್ಕೆ ಇಳಿಯುತ್ತಿದ್ದುದು ಇದಕ್ಕೇನು? ಹಳ್ಳಕ್ಕೆ ಹೇಳಿದಿರಿ, ನನಗೆ ಹೇಳಲಿಲ್ಲ" ಎಂದಳು. ಅವನನ್ನು ನೀರಿಗೆ ಕರೆದೊಯ್ದಳು.

ಅವನು ಹೊಟ್ಟೆ ತುಂಬ ನೀರು ಕುಡಿದ. ಅತ್ತಿಯ ಹಣ್ಣನ್ನು ಸಿಪ್ಪೆ ಸಹಿತ ತಿಂದ. ಕೊಂಬೆಯಿಂದ ಕೊಂಬೆಗೆ ಹಾರಾಡಿದ. ಹಲವು ದಿನಗಳ ಮೇಲೆ ಹೊಟ್ಟೆ ಸಂಕೋಚದಿಂದ ಮತ್ತೆ ಕರೆಯಿತು. ಈ ಸಲ ಅವನು ಆಮೇಲೆ ಎನ್ನಲಿಲ್ಲ, ಕರೆದ ಕೂಡಲೇ ಎದ್ದ. ಮೆಲ್ಲಮೆಲ್ಲಗೆ ರಕ್ತ ನಿಂತಿತು, ನೋವು ಹೋಯಿತು. ಗರಿಗೆ ಹಿಡಿದ ಕೆಂಪು ಮಾತ್ರ ಹೋಗಲಿಲ್ಲ.

ಕಲ್ಲಿನ ಮೇಲೆ ಕಾಗೆ ಕೂತಿತು. ನಾಲ್ಕನೆಯ ದಿನ ಅದೂ ಆ ಕಡೆ ಈ ಕಡೆ ವಾಲಿತು. ಯಾರೂ ನಗಲಿಲ್ಲ. ಐದನೆಯ ದಿನ ಕಾಗೆ ಬರಲಿಲ್ಲ, ಕಲ್ಲು ಬರಿದಾಗಿ ಉಳಿಯಿತು. ಅಂದಿನಿಂದ ಹಕ್ಕಿಗಳು ಸಂಜೆಗೊಮ್ಮೆ ಮರದಲ್ಲಿ ಸೇರಿ, ಕುಪ್ಪಳಿಸುತ್ತ ಹಾರುತ್ತ ತಮ್ಮ ಜಗಳಗಳನ್ನು ತೀರಿಸಿಕೊಳ್ಳುತ್ತವೆ.

ಆದ್ದರಿಂದಲೇ ಮಗು, ನಮ್ಮ ಸೀಬೆಮರಕ್ಕೆ ಬರುವ ಪಿಕಳಾರ ನೀನು ಹತ್ತು ಎಣಿಸುವಷ್ಟು ಹೊತ್ತೂ ಒಂದೆಡೆ ಕೂರುವುದಿಲ್ಲ. ಹಣ್ಣು ಕುಕ್ಕಿ, ಬಾನಿಯ ನೀರು ಕುಡಿದು, ಹೋದಲ್ಲೆಲ್ಲ ಬೀಜ ಉದುರಿಸಿ, ಬಾಲವೆತ್ತಿ ತನ್ನ ಕೆಂಪನ್ನು ಯಾರಿಗೂ ಮುಚ್ಚಿಡದೆ ಹಾರಿಹೋಗುತ್ತದೆ.