ಅಂಗಿ ಸವರುವ ಕಾವಲುಗಾರ

ಕರುಳಿನ ಕಾವಲಿಗಿದ್ದವನು ಒಬ್ಬ ಬಿಳಿ ರಕ್ತಕಣ. ಅವನಿಗೆ ಕಣ್ಣಿರಲಿಲ್ಲ. ಎದುರಾದವರ ಅಂಗಿಯನ್ನು ಸವರಿಯೇ ನಮ್ಮವರು ಯಾರು, ಕಳ್ಳರು ಯಾರು ಎಂದು ತೀರ್ಮಾನಿಸುತ್ತಿದ್ದ. ಒಮ್ಮೆ ಕೊಳಕು ನೀರಿನ ಜೊತೆ ರೋಗಾಣುವೊಬ್ಬ ಒಳನುಗ್ಗಿ ಕರುಳಿನ ಗೋಡೆಯನ್ನು ಕೊರೆದ. ಕಾವಲುಗಾರ ಮೂರೇ ದಿನದಲ್ಲಿ ಅವನನ್ನು ಸುಟ್ಟುಹಾಕಿದ. ಆದರೆ ಆ ಕಳ್ಳನ ಅಂಗಿಯ ಒರಟು ಮಾತ್ರ ಕಾವಲುಗಾರನ ಬೆರಳು ಬಿಟ್ಟು ಹೋಗಲಿಲ್ಲ.

ನಾಲ್ಕನೆಯ ದಿನ, ಮೊದಲಿನಿಂದಲೂ ಅಲ್ಲೇ ಬಾಳಿಕೊಂಡು ಸೊಪ್ಪಿನ ನಾರು ಅರಗಿಸಿಕೊಡುತ್ತಿದ್ದ ಮುದಿ ಬ್ಯಾಕ್ಟೀರಿಯಾವನ್ನು ಅವನು ತಡೆದು ನಿಲ್ಲಿಸಿದ.

"ನಿನ್ನ ಅಂಗಿಯೂ ಅಷ್ಟೇ ಒರಟಾಗಿದೆ."

"ನಮ್ಮ ಕುಲದವರೆಲ್ಲ ತೊಡುವ ಅಂಗಿಯೇ ಇದು. ಇಷ್ಟು ವರ್ಷ ನೀನೇ ಸವರಿ ಸುಮ್ಮನೆ ಬಿಟ್ಟಿದ್ದೀಯಲ್ಲ," ಎಂದ ಮುದುಕ.

"ಆಗ ನನಗೆ ತಿಳಿವಳಿಕೆ ಇರಲಿಲ್ಲ," ಎಂದು ಕಾವಲುಗಾರ ಬೆಂಕಿಯಿಟ್ಟ.

ಮುದುಕ ಸುಟ್ಟುಹೋದ. ಅವನು ಒರಗಿದ್ದ ಗೋಡೆಯೂ ಬೆಂದು ರಕ್ತ ಒಸರಿತು.

"ಕಳ್ಳ ಕೊರೆದದ್ದು ಮೂರು ದಿನ," ಎಂದು ಗೋಡೆ ನರಳಿತು. "ನೀನು ಇನ್ನೆಷ್ಟು ದಿನ ಸುಡುತ್ತೀಯ?"

ಕಾವಲುಗಾರ ಗೋಡೆಯ ಗಾಯವನ್ನು ಸವರಿದ. ಬೆಂದ ಜಾಗ ಒರಟಾಗಿತ್ತು. ಅವನು ಕೂಡಲೇ ಬಿಳಿ ರಕ್ತಕಣಗಳ ದೊಡ್ಡ ಪಡೆಗೆ ಹೇಳಿಕಳಿಸಿದ: "ಎಲ್ಲರೂ ಬನ್ನಿ. ಕಳ್ಳ ಈಗ ಗೋಡೆಯಾಗಿ ನಿಂತಿದ್ದಾನೆ."