ನೀಲಿ ದೀಪಕ್ಕೆ ಓಗೊಡದ ಲೋಹ

ಉತ್ತರದ ಹಿಮನಾಡಿನ ಹೊಳೆದಂಡೆಯಲ್ಲಿ ಮರುಳಯ್ಯ ಎಂಬ ಗುರುಗಳಿದ್ದರು. ಆಕಾಶಕ್ಕೆ ಲೇಸರ್ ದೀಪ ಬಿಟ್ಟು, ಅಲ್ಲಿನ ಲೋಹದ ಪರಮಾಣುಗಳನ್ನು ಮಾತಾಡಿಸುವುದು ಅವರ ವಿದ್ಯೆ. ಊರು ಬಿಟ್ಟು ಅವರ ಹಿಂದೆ ಬಂದಿದ್ದ ಶಿಷ್ಯ ಕೊಟ್ರೇಶ.

ಉಲ್ಕೆಗಳು ಉರಿದು ಬಿಟ್ಟುಹೋದ ಲೋಹ ಬಹಳ ಎತ್ತರದಲ್ಲಿ ತೇಲುತ್ತಿರುತ್ತದೆ. ನಮ್ಮ ಎಲೆಯಡಿಕೆಯ ಸುಣ್ಣದಲ್ಲಿರುವ ಕ್ಯಾಲ್ಸಿಯಂ ಕೂಡ ಅದರಲ್ಲಿದೆ. ನೀಲಿ ದೀಪ ಬಿಟ್ಟರೆ ಮಿನುಗಿ ಉತ್ತರ ಕೊಡುತ್ತದೆ; ಆ ಮಿನುಗು ಕೆಳಗೆ ಯಂತ್ರದ ಪರದೆಯ ಮೇಲೆ ಗೆರೆಯಾಗಿ ಕಾಣುತ್ತದೆ.

ಗುರುಗಳಿಗೆ ಮರುದಿನ ಗಂಟಲಿನ ಶಸ್ತ್ರಚಿಕಿತ್ಸೆ. ಆಮೇಲೆ ದನಿ ಇರುವುದಿಲ್ಲವೆಂದು ವೈದ್ಯರು ಹೇಳಿಯಾಗಿತ್ತು. ಹುಣ್ಣು ಗುರುಗಳ ಗಂಟಲಲ್ಲಿ, ಅನ್ನ ಇಳಿಯದ್ದು ಶಿಷ್ಯನಿಗೆ. ಅವನು ಕೇಳಬೇಕಾದದ್ದು ಇನ್ನೂ ಬೆಟ್ಟದಷ್ಟಿತ್ತು.

ಆ ಸಂಜೆ ಬಾನಿನಲ್ಲಿ ಹಸಿರು ಧ್ರುವಪ್ರಭೆ ಎದ್ದಿತು. ಒಣಗಹಾಕಿದ ಸೀರೆಯಂತೆ ಅದು ಹೊಯ್ದಾಡುತ್ತಿದ್ದಾಗಲೇ ಪರದೆಯ ಮೇಲಿನ ಮಿನುಗು ಕುಗ್ಗಿ ಅಡಗಿತು.

ಕೊಟ್ರೇಶ ದೀಪದ ಬಲ ಹೆಚ್ಚಿಸಿದ. ಉತ್ತರವಿಲ್ಲ. ಮತ್ತೂ ಹೆಚ್ಚಿಸಿದ.

ಗುರುಗಳು ಬಂದು ಅವನ ಕೈ ಹಿಡಿದರು.

"ಎಷ್ಟಂತ ಒದರ್ತಿ ಅದರ ಮುಂದ?" ಅವರ ದನಿ ಆಗಲೇ ಒಡೆದಿತ್ತು.

"ಕ್ಯಾಲ್ಸಿಯಂ ಸತ್ತೇ ಹೋತ್ರಿ, ಗುರುಗಳ. ನಾನ ಸುಟ್ಟೆ ಅನಸ್ತೈತಿ."

ಗುರುಗಳು ನೀಲಿ ದೀಪ ಆರಿಸಿದರು. ಪಕ್ಕದ ನೇರಳೆ ದೀಪ ಹಚ್ಚಿದರು.

ತುಸು ಹೊತ್ತಿಗೆ ಪರದೆಯ ಮೇಲೆ ದಪ್ಪ ಗೆರೆಯೊಂದು ಮೂಡಿತು. ಎತ್ತರ ಮೊದಲಿನದೇ.

"ಇದ್ಯಾವುದ್ರಿ?"

"ಅದೇ ಕ್ಯಾಲ್ಸಿಯಂ. ಧ್ರುವಪ್ರಭೆ ಹೊಡೆತಕ್ಕ ಒಂದು ಎಲೆಕ್ಟ್ರಾನ್ ಕಳಕೊಂಡೈತಿ. ಇನ್ನ ನೀಲಿ ದೀಪಕ್ಕ ಓಗೊಡಂಗಿಲ್ಲ, ನೇರಳೆಗಷ್ಟ ಓಗೊಡ್ತೈತಿ."

"ಮತ್ತ ಮೊದಲಿನಂಗ ಆಗ್ತೈತೇನ್ರಿ?"

"ಒಂದಿಷ್ಟು ಆಗ್ತೈತಿ. ಎಲ್ಲಾ ಅಲ್ಲ."

ಕೊಟ್ರೇಶ ಪರದೆ ನೋಡುವುದನ್ನು ಬಿಟ್ಟು ಗುರುಗಳ ಗಂಟಲನ್ನೇ ನೋಡಿದ. ಇಷ್ಟು ದಿನ ನುಂಗಿಕೊಂಡಿದ್ದ ಭಯ ಬಾಯಿಗೆ ಬಂತು.

"ನಾಳೆ ನಿಮ್ಮ ದನಿ ಹೋದ ಮ್ಯಾಲೆ ನಾ ಯಾರನ್ನ ಕೇಳ್ಲಿ? ನನಗ ಭಾಳ ಅಂಜಿಕಿ ಆಗಾಕತ್ತೈತ್ರಿ."

ಗುರುಗಳು ಅವನ ಪಕ್ಕ ಕುಳಿತರು. ಕೊಟ್ರೇಶ ಅವರ ತುಟಿಯನ್ನೇ ನೋಡುತ್ತಾ ಕಾದ.

ಅವರು ಅವನ ಗಲ್ಲ ಹಿಡಿದು ಮುಖ ಮೇಲೆತ್ತಿದರು. ಕಣ್ಣಿಗೆ ಕಣ್ಣು ಕೂಡಿತು.

"ನೀ ಇನ್ನೂ ನೀಲಿ ದೀಪಾನ ಹಿಡಕೊಂಡು ಕುಂತೀಯಲ್ಲೋ, ಕೊಟ್ರೇಶ."